ಡೋಣಿ ಮೋಟಾರ್ಸ್‌ನಲ್ಲಿ ಆರು ವರ್ಷದ ಅನುಭವ

ಜನವರಿ 27, ಸೋಮವಾರ

ಇವರದು ಇವತ್ತು ಬೆಳಗಿನ ಮೊದಲ ಶಿಫ್ಟ್. ಟಿಕೆಟ್ ಮಷಿನ್ ತೋಳಿಗೆ ಹಾಕಿಕೊಂಡು ಕತ್ತಲಲ್ಲೇ ಡಿಪೋಗೆ ಹೋದರು. ನಾನು ರೊಟ್ಟಿಗೆ ಕುಳಿತೆ. ಹಂಚು ಕಾಯುವ ಮೊದಲೇ ಸುನೀಲ ಬಂದು ಅಡುಗೆಮನೆ ಹೊಸ್ತಿಲ ಮೇಲೆ ಕೂತ. ಮುಖ ತೊಳೆದಿಲ್ಲ, ಚಹಾ ಬೇಡ. ಶುರು.

"ವೈನಿ, 1979 ರಾಗ ಏನಾತು ಗೊತ್ತೇನ್ರಿ?"

ನನ್ನ ಮೈದುನ. ಇಪ್ಪತ್ನಾಲ್ಕು ವರ್ಷ. ಮಾತು ಬಂದದ್ದು ತಡವಾಗಿ, ಶಾಲೆ ಹತ್ತನೇ ತರಗತಿಗೇ ನಿಂತಿತು. ತೋರಿಸಿದ ಡಾಕ್ಟರುಗಳೆಲ್ಲ ಒಬ್ಬೊಬ್ಬರು ಒಂದೊಂದು ಹೆಸರು ಹೇಳಿದರು. ಶಾಲೆ ಬಿಟ್ಟ ಮೇಲೆ ಅವನು ಕಾರ್ ಕಂಪನಿ ಕಟ್ಟಿದ. ತಲೆಯಲ್ಲಿ. ಡೋಣಿ ಮೋಟಾರ್ಸ್. 1962ರಲ್ಲಿ ಗೊಳಸಂಗಿಯ ಗಾಣದ ಶೆಡ್ಡಿನಲ್ಲಿ ಹುಟ್ಟಿತಂತೆ. ಮೊದಲ ಗಾಡಿ 'ಗೆಜ್ಜೆ' — ಎರಡು ಬಾಗಿಲು, ಮಳೆ ಬಂದರೆ ಒಳಗೂ ಮಳೆ. ಆಮೇಲೆ 'ಹೋರಿ' — ನಮ್ಮ ಎರೆಹೊಲದ ಕೆಸರಲ್ಲಿ ಹೂತುಕೊಳ್ಳದ ಜೀಪು. ಎದುರಾಳಿ ಸಿಂದಗಿಯ ಭೀಮಾ ಆಟೋ. 1979ರಲ್ಲಿ ಭೀಮಾದವರು ಹೋರಿಯ ನಕ್ಷೆ ಕದ್ದರು.

ಒಂದೊಂದು ಗಾಡಿಗೂ ಜಾತಕ ಇದೆ. ಯಾರು ಕೊಂಡರು, ಯಾವ ಊರಲ್ಲಿ ಕೆಟ್ಟಿತು, ಕೊನೆಗೆ ಎಲ್ಲಿ ನಿಂತಿತು. ಹನ್ನೊಂದನೇ ನಂಬರಿನ ಹೋರಿಯನ್ನು ಚಡಚಣದ ಸೂಲಗಿತ್ತಿ ಕೊಂಡಳು. ಹಿಂದಿನ ಸೀಟಿನಲ್ಲೇ ಏಳು ಹೆರಿಗೆ.

"ಆಮ್ಯಾಲೆ?" ಅಂದೆ. ನಿಜವಾಗಿಯೂ ಕೇಳಬೇಕೆನಿಸಿತ್ತು.

"ಎಂಟನೇದು ಅವಳದೇ ಆತ್ರಿ. ಗಾಡಿ ಯಾರ್ ಹೊಡೀಬೇಕು?"

ನಕ್ಕು ರೊಟ್ಟಿ ಹೊತ್ತಿಸಿದೆ. ಅತ್ತೆ ಬೈದರು — ಇಬ್ಬರಿಗೂ. ಬರೆದಿಡೋ ಎಂದರೆ ಸುನೀಲ ಒಲ್ಲೆ ಎನ್ನುತ್ತಾನೆ. ಇದೆಲ್ಲ ಕಟ್ಟುಕತೆ ಅಂತ ಅವನಿಗೆ ಗೊತ್ತೋ, ನಿಜವೆಂದೇ ನಂಬಿದ್ದಾನೋ... ಮನೆಯಲ್ಲಿ ಯಾರೂ ಕೇಳಿಲ್ಲ. ಮದುವೆಯಾಗಿ ಎರಡು ವರ್ಷ, ನಾನೂ ಕೇಳಿಲ್ಲ.

ಜನವರಿ 29, ಬುಧವಾರ



ಎದುರುಮನೆ ಬಾಳಮ್ಮನ ಮಗ ಓಣಿಯ ಇಳಿಜಾರಿನಲ್ಲಿ ಕಾರು ನಿಲ್ಲಿಸಿದ್ದ. ಬಾಗಿಲು ಲಾಕ್ ಮಾಡಿರಲಿಲ್ಲ. ಸುನೀಲ ಒಳಗೆ ಕೂತು ಹ್ಯಾಂಡ್‌ಬ್ರೇಕ್ ಬಿಟ್ಟ. ಕಾರು ಉರುಳಿತು. ಕೆಳಗೆ ನಲ್ಲಿಯ ಹತ್ತಿರ ಬಾಳಮ್ಮನ ಮೊಮ್ಮಗಳು ತಂಬಿಗೆ ಹಿಡಿದು ಆಡುತ್ತಿತ್ತು. ನಾನು ಪಾಠ ಮುಗಿಸಿ ಶಾಲೆಯಿಂದ ಬರುತ್ತಿದ್ದೆ. ನೋಡಿದೆ. ಕಾಲು ಏಳಲಿಲ್ಲ. ಬಾಳಮ್ಮ ಹಾರಿ ಕೂಸಿನ ರಟ್ಟೆ ಹಿಡಿದು ಎಳೆದಳು. ಕಾರು ಗೋಡೆಗೆ ಗುದ್ದಿ ನಿಂತಿತು.

ಕೂಸಿಗೆ ಏನೂ ಆಗಲಿಲ್ಲ. ಆದರೆ ತಂಬಿಗೆ ಚಪ್ಪಟೆಯಾಗಿದೆ.

"ಕೇಬಲ್ ಸಡಲ ಐತಿ. ನೋಡಾಕ ಹೋಗಿದ್ದೆ. ಕೇಬಲ್ ಸಡಲ ಐತಿ." ಸುನೀಲ ಅದನ್ನೇ ಹೇಳುತ್ತಿದ್ದಾನೆ. ಇವರು ಬಂದು ಎರಡು ಬಾರಿಸಿದರು. ಆಗಲೂ ಅದನ್ನೇ ಹೇಳಿದ.

ಬಾಳಮ್ಮ ಓಣಿಯ ನಡುವೆ ನಿಂತು ನನ್ನ ಹೊಟ್ಟೆ ನೋಡಿ ಅಂದಳು — "ನಾಳೆ ನಿನ್ನ ಕೂಸೂ ಇದs ಮನ್ಯಾಗ ಅಂಬೆಗಾಲ ಇಡತೈತಿ, ನೆನಪಿರಲಿ."

ಜನವರಿ 30, ಗುರುವಾರ

ಹೇಳಿಬಿಟ್ಟೆ. ಒಂದೋ ಅವನಿರಬೇಕು, ಒಂದೋ ನಾನಿರಬೇಕು. ಇಲ್ಲವಾದರೆ ತವರಿಗೆ ಹೋಗುತ್ತೇನೆ, ಹೆರಿಗೆ ಆದಮೇಲೂ ಬರುವುದಿಲ್ಲ.

ಇವರು ಫೋನ್ ಕೈಗೆ ತೆಗೆದುಕೊಂಡರು. ಅತ್ತೆ ಮಾತ್ರ — "ನನ್ನ ಮಗಾ ನಿನಗೇನ್ ಮಾಡ್ಯಾನ, ಯವ್ವಾ? ದಿನಾ ವೈನಿ ವೈನಿ ಅಂತ ಬೆನ್ನ ಹತ್ತತಾನ, ಅಷ್ಟs ಅಲ್ಲೇನ?"

ವಿಜಯಪುರದ ಹತ್ತಿರ ಇಂಥವರನ್ನು ಇಟ್ಟುಕೊಳ್ಳುವ ಒಂದು ಆಶ್ರಯಮನೆ ಇದೆ. ನಂಬರ್ ಇವರ ಹತ್ತಿರ ಮೊದಲೇ ಇತ್ತು! ಎಂದಿನಿಂದ ಇಟ್ಟುಕೊಂಡಿದ್ದರೋ. ಫೆಬ್ರವರಿ ಹತ್ತು, ಸೋಮವಾರ, ಕರೆದುಕೊಂಡು ಬನ್ನಿ ಎಂದರಂತೆ. ಅಲ್ಲಿಯವರೆಗೆ ಅವನಿಗೆ ಹೇಳುವುದು ಬೇಡ ಎಂದು ತೀರ್ಮಾನ.

ಮಾತಾಡುವಾಗ ಸುನೀಲ ಹಿತ್ತಲಲ್ಲಿದ್ದ. ಕೇಳಿಸಿರಲಿಕ್ಕಿಲ್ಲ.

ಐದು ತಿಂಗಳು ತುಂಬಿತು. ಕೂಸು ಒದೆಯುತ್ತಿದೆ. ಸಂತೋಷಪಡಲೂ ಆಗುತ್ತಿಲ್ಲ.

ಫೆಬ್ರವರಿ 4, ಮಂಗಳವಾರ

ಟೆಸ್ಟ್ ಪೇಪರ್ ರಾಶಿ. ಅತಿಥಿ ಶಿಕ್ಷಕಿಯೆಂದು ಎಲ್ಲರ ಪೇಪರ್ ನನ್ನ ತಲೆಗೆ. ಸುನೀಲ ಎದುರು ಕೂತಿದ್ದ. ಅವನತ್ತ ನೋಡುವುದೇ ಕಷ್ಟ ಈಗ, ಅದಕ್ಕೇ ಕೆಂಪು ಪೆನ್ನು ಹಿಡಿದು ತಲೆ ತಗ್ಗಿಸಿದ್ದೆ.

"1987 ರಾಗ ಹೊಸಾ ಮ್ಯಾನೇಜರ್ ಬಂದ್ಲರಿ. ಛಲೋ ಹೆಣ್ಮಗಳು. ಆದ್ರ ಹಳೇ ಘಟಕ ಮುಚ್ಚೂಣು ಅಂದ್ಲು."

"ಯಾಕಂತ?"

"ಹೊಸಾ ಮಾಡೆಲ್ ಬರಾಕತ್ತೈತಿ. ಹಳೇದಕ್ಕ ಜಾಗಾ ಇಲ್ಲ."

"ಕೆಲಸಗಾರರು ಏನ್ ಮಾಡ್ತಾರ?"

"ಬ್ಯಾರೆ ಕಡೆ ಕೆಲಸ ಹುಡುಕ್ಕೋಬೇಕಲ್ರಿ."

ಹೂಂ ಅಂದೆ. ಅಂಕ ಕೂಡಿಸುತ್ತಿದ್ದೆ.

ಫೆಬ್ರವರಿ 6, ಗುರುವಾರ. ಬೆಳಿಗ್ಗೆ

ಸುನೀಲ ಇಲ್ಲ.

ಹಾಸಿಗೆ ಮಡಚಿ ಇಟ್ಟಿದ್ದಾನೆ. ಎಂದೂ ಮಡಚುವವನಲ್ಲ. ಚಪ್ಪಲಿ ಇಲ್ಲ. ಇವರ ಇಸ್ತ್ರಿ ಮಾಡಿದ ನೀಲಿ ಶರ್ಟ್ ಇಲ್ಲ. ಅವನ ಹತ್ತಿರ ಫೋನೂ ಇಲ್ಲ. ಅತ್ತೆ ಓಣಿ ತುಂಬ ಓಡಾಡಿ ಬಂದರು. ಇವರು ಡ್ಯೂಟಿ ಬಿಟ್ಟು ಬರುತ್ತಿದ್ದಾರೆ.

ಎಲ್ಲಿಗೆ ಹೋಗಿರುತ್ತಾನೆ ಎಂದು ನನಗೆ ಗೊತ್ತು. ಇನ್ನಾರಿಗೆ ಗೊತ್ತಿರಬೇಕು? ದಿನಾ ಕೇಳಿದವಳು ನಾನು.

ಅದೇ ದಿನ, ಮಧ್ಯಾಹ್ನ. ಗೊಳಸಂಗಿ

ಇಲ್ಲ. ಇಲ್ಲಿಲ್ಲ.

ಶೆಡ್ ನಿಜಕ್ಕೂ ಇದೆ. ತಗಡು ಹಾರಿಹೋದ ಹಳೇ ಗಾಣದ ಶೆಡ್, ಸುತ್ತ ಜಾಲಿ. ಇದನ್ನೇ ಬಸ್ಸಿನ ಕಿಟಕಿಯಿಂದ ನೋಡಿ ಕಾರ್ಖಾನೆ ಮಾಡಿಕೊಂಡಿರಬೇಕು. ಒಳಗೆ ಹೋಗಿ ಸುನೀಲಾ ಸುನೀಲಾ ಎಂದು ಕೂಗಿದೆ. ಒಂದು ನಾಯಿ ಎದ್ದು ಹೋಯಿತು. ಹೊಲದಲ್ಲಿದ್ದ ಮುದುಕ ಬಂದು, "ಯಾರೂ ಬಂದಿಲ್ಲವಾ, ಮುಂಜಾನಿಂದ ಇಲ್ಲೇ ಅದೇನಿ ನಾ" ಎಂದ.

ನನ್ನ ಮಾತು ನಂಬಿ ಎಲ್ಲರೂ ಅರ್ಧ ದಿನ ಇತ್ತ ಹುಡುಕಿದರು. ಆ ಹೊತ್ತು ದಂಡವಾಯಿತು.

ಸಂಜೆ

ಠಾಣೆಯಲ್ಲಿ ದೂರು ಬರೆಸಿದೆವು. ಫೋಟೋ ಕೊಟ್ಟೆವು. ಇವರು ಕಂಡಕ್ಟರುಗಳ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿದರು. ಈಗ ಬೈಕ್ ಮೇಲೆ ಕೊಲ್ಹಾರದ ಕಡೆ ಹೋಗಿದ್ದಾರೆ. ಹೊಳೆ ಇದೆ ಅಲ್ಲಿ. ಹೊಳೆಯ ಮಾತು ಯಾರೂ ಬಾಯಿಬಿಟ್ಟು ಆಡಲಿಲ್ಲ.

ಅತ್ತೆ ಬಾಗಿಲಲ್ಲಿ ಕೂತಿದ್ದಾರೆ. ಉಂಡಿಲ್ಲ. ನನ್ನ ಜೊತೆ ಮಾತಿಲ್ಲ. ಬೈದರೆ ಚೆನ್ನಾಗಿತ್ತು.

ತಿದ್ದಿದ ಪೇಪರ್ ಕಟ್ಟಿಡುವಾಗ ನೆನಪಾಯಿತು. ಹೊಸ ಮಾಡೆಲ್ ಬರುತ್ತಿದೆ. ಹಳೆಯದಕ್ಕೆ ಜಾಗವಿಲ್ಲ. ಮ್ಯಾನೇಜರ್ ಹೆಣ್ಣುಮಗಳು.

ಕೇಳಿಸಿದೆ ಅವನಿಗೆ. ಎಲ್ಲವೂ ಕೇಳಿಸಿದೆ. ನನ್ನೆದುರೇ ಕೂತು ಹೇಳಿದ. ನಾನು ಹೂಂ ಅಂದೆ.

ಫೆಬ್ರವರಿ 7, ಶುಕ್ರವಾರ. ಬೆಳಿಗ್ಗೆ

ಮುದ್ದೇಬಿಹಾಳದಿಂದ ಫೋನ್! ಅಲ್ಲಿಯ ಒಬ್ಬ ಗ್ಯಾರೇಜಿನವರು. ಯಾವುದೋ ಕಂಡಕ್ಟರ್ ಫೋಟೋ ತೋರಿಸಿದರಂತೆ.

"ನಿನ್ನೆ ಮುಂಜಾನೆ ಬಂದಿದ್ದ ನೋಡ್ರಿ. ಇಸ್ತ್ರಿ ಅಂಗಿ ಹಾಕ್ಕೊಂಡು. ಕೆಲಸ ಐತೇನ್ರಿ ಅಂದ. ಅನುಭವ ಐತೇನಪಾ ಅಂದ್ವಿ. ಡೋಣಿ ಮೋಟಾರ್ಸ್‌ದಾಗ ಆರು ವರ್ಷ ಅಂದ. ನಮ್ಮ ಹುಡುಗೂರೆಲ್ಲಾ ನಕ್ರು ಬಿಡ್ರಿ."

"ಮುಂದ ಏನಂದ್ರಿ?"

"ಮತ್ತ ಅಲ್ಲಿ ಯಾಕ ಬಿಟ್ಟಿ ಅಂದೆ. ಸೋಮವಾರ ಬಂದ್ ಆಗತೈತ್ರಿ ಅಂದ."



ಕಾರು ಹುಡುಕಿಕೊಂಡು ಹೋದವನಲ್ಲ. ಕೆಲಸ ಹುಡುಕಿಕೊಂಡು ಹೋಗಿದ್ದಾನೆ. ಮುದ್ದೇಬಿಹಾಳದವರು, ಸಿಂದಗಿಯಲ್ಲಿ ದೊಡ್ಡ ಗ್ಯಾರೇಜುಗಳಿವೆ, ಅಲ್ಲಿ ಕೇಳು ಎಂದು ಕಳಿಸಿದರಂತೆ. ತಾಳಿಕೋಟೆ ಮೇಲೆ ಹೋಗುವ ಬಸ್ ಹತ್ತಿದ್ದನ್ನು ನೋಡಿದ್ದಾರೆ.

ಇವರು ವಿಜಯಪುರದಲ್ಲಿ ಆಸ್ಪತ್ರೆ ಆಸ್ಪತ್ರೆ ತಿರುಗುತ್ತಿದ್ದಾರೆ. ಅಲ್ಲಿಂದಲೇ ಸಿಂದಗಿಗೆ ಬರುತ್ತೇನೆ ಎಂದರು. ನಾನು ಇಲ್ಲಿಂದ ಹೊರಟೆ. ಈ ಸ್ಥಿತಿಯಲ್ಲಿ ಬಸ್ಸಿನಲ್ಲಿ ಬೇಡ ಎಂದು ಬಾಳಮ್ಮ ಅಡ್ಡ ಬಂದಳು. ಅತ್ತೆ ನೀರಿನ ಬಾಟಲಿ ತಂದು ಕೈಗಿತ್ತರು, ಅಷ್ಟೆ.

ಸಿಂದಗಿ. ಮಧ್ಯಾಹ್ನ

ಹೇಗೆ ಬರೆಯಲಿ.

ಸ್ಟ್ಯಾಂಡಿನ ಹೊರಗೆ ಚಹಾದ ಗಾಡಿ ಇಟ್ಟ ಹೆಣ್ಣುಮಗಳು ಫೋಟೋ ನೋಡಿದ ಕೂಡಲೇ ಸೆರಗು ಬಾಯಿಗೆ ಹಿಡಿದಳು. ಸುಲ್ತಾನಾ ಎಂದು ಹೆಸರು. "ಇಂವಾ ನಿಮಗೇನಾಗಬೇಕ್ರಿ?" ಎಂದಳು. ಮೈದುನ ಎಂದೆ. ಕೂಡಿಸಿದಳು. ನೀರು ಕೊಟ್ಟಳು. ಆಮೇಲೆ ಹೇಳಿದಳು.

ನಿನ್ನೆ ಇಳಿಹೊತ್ತು. ಸುನೀಲ ರಸ್ತೆಬದಿ ನಿಂತ ಒಂದು ಕಾರಿನ ಕೆಳಗೆ ಬಗ್ಗಿ ನೋಡುತ್ತಿದ್ದ. ಯಾರೋ ಒಬ್ಬ, ಕಳ್ಳ ಎಂದ. ಕಾರಿನಲ್ಲಿ ಕೂಸು ಮಲಗಿತ್ತಂತೆ — ಇನ್ನೊಬ್ಬ, ಮಕ್ಕಳ ಕಳ್ಳ ಎಂದ. ಆಮೇಲೆ ಕೇಳುವವರಿಲ್ಲ. ಮಂದಿ ಕೂಡಿತು.

ವಿಡಿಯೋ ಇದೆ. ಪಕ್ಕದ ಪಾನ್‌ಶಾಪಿನವನ ಫೋನಿನಲ್ಲಿ. ನೋಡಬೇಡ್ರಿ ಎಂದಳು ಸುಲ್ತಾನಾ. ನೋಡಿದೆ.

"ಯಾರ ಗಾಡಿ ಇದು? ಹೇಳ!"

"ಗೊತ್ತಿಲ್ರಿ. ಆಯಿಲ್ ಸೋರಾಕತ್ತೈತಿ."

ಏಟು.

"ಯಾವ ಊರ? ಕೂಸು ಎಲ್ಲಿ ಒಯ್ತಿದ್ದಿ?"

"ಆಯಿಲ್ ಸೋರಾಕತ್ತೈತ್ರಿ. ಕೆಳಗ ನೋಡ್ರಿ."

ಏಟು. ಯಾರೂ ಕೆಳಗೆ ನೋಡಲಿಲ್ಲ. ನೀಲಿ ಶರ್ಟಿನ ತೋಳು ಹರಿದು ಜೋತಾಡುತ್ತಿತ್ತು. ಅಲ್ಲಿಗೆ ನಿಲ್ಲಿಸಿ ಫೋನ್ ವಾಪಸ್ ಕೊಟ್ಟೆ.

ಸುಲ್ತಾನಾ ಕುದಿಯುವ ಚಹಾದ ಕಿಟ್ಲಿ ಹಿಡಿದು ನಡುವೆ ನುಗ್ಗಿದ್ದಾಳೆ. "ಮುಂದ ಬಂದವ್ನ ಮ್ಯಾಲೆ ಸುರೀತೇನಿ ಅಂದ್ನಿ. ಹಿಂದ ಸರದ್ರು. ಅಷ್ಟರಾಗ ಇಂವಾ ಓಡಿದ. ಇಂಡಿ ರೋಡ್ ಹಿಡದ. ಕಿವಿಯಿಂದ ರಕ್ತ ಬರಾಕತ್ತಿತ್ತು, ಅಕ್ಕ. ನಾ ಕರದೆ, ತಿರುಗಿ ನೋಡಲಿಲ್ಲ."

 ಇವಳು ಯಾರೋ. ನನ್ನ ಬೆನ್ನು ಸವರುತ್ತಾ ನಿಂತಿದ್ದಾಳೆ.

ಸಿಂದಗಿ. ಸಂಜೆ

ಇವರು ಬಂದರು. ಇಂಡಿ ರಸ್ತೆಯಲ್ಲಿ ಕತ್ತಲಾಗುವವರೆಗೆ ಇಬ್ಬರೂ ಕೇಳುತ್ತಾ ಹೋದೆವು. ಇಲ್ಲ. ರಾತ್ರಿಗೆ ಇವರ ಗೆಳೆಯರ ಮನೆ.

ವಿಡಿಯೋ ಇವರ ಗ್ರೂಪಿಗೂ ಬಂದಿದೆ. ಮೂಲೆಯಲ್ಲಿ ಕೂತು ಪೂರ್ತಿ ನೋಡಿದರು. ಆಮೇಲೆ, ನನ್ನತ್ತ ನೋಡದೆ —

"ಬಸ್ಸಿನಾಗ ಇಂಥಾವ್ರ ಬರ್ತಾರ, ಶಿವಾನಿ. ಒಂದs ಮಾತು ಹತ್ತು ಸಲ ಕೇಳ್ತಾರ. ಸ್ಟಾಪ್ ಬರೂದಕ್ಕಿಂತ ಮೊದ್ಲs ಇಳಿಸಿಬಿಟ್ಟೇನಿ ನಾ. ಎಷ್ಟೋ ಮಂದೀನ."

ಅತ್ತರು. ಮದುವೆಯಾದಮೇಲೆ ಮೊದಲ ಸಲ ನೋಡಿದ್ದು.

ಫೆಬ್ರವರಿ 8, ಶನಿವಾರ. ಬೆಳಿಗ್ಗೆ

ಸಿಕ್ಕ! ಜೀವ ಇದೆ! ಇಂಡಿಯಲ್ಲಿ, ಊರ ಹೊರಗಿನ ಗ್ಯಾರೇಜು. ಇವರ ಗೆಳೆಯ ಕಂಡಕ್ಟರ್ ನೋಡಿ ಫೋನ್ ಮಾಡಿದರು. ಬಸ್ಸಿನಲ್ಲಿದ್ದೇವೆ. ಅಕ್ಷರಗಳು ಕುಣಿಯುತ್ತಿವೆ. ಅತ್ತೆಗೆ ಫೋನ್ ಮಾಡಿ ಹೇಳಿದೆ. ಹೂಂ ಅಂದರು. 

ಇಂಡಿ. ಮಧ್ಯಾಹ್ನ

ಗ್ಯಾರೇಜಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಒಳಗೆ ಇವರೂ ಗ್ಯಾರೇಜಿನ ಯಜಮಾನ ಗೈಬುಸಾಬ ಚಾಚಾನೂ ಇನ್ನೂ ಮಾತಾಡುತ್ತಿದ್ದಾರೆ.

ನಾವು ಬಂದಾಗ ಸುನೀಲ ಹಳೇ ಟೈರ್ ಮೇಲೆ ಕೂತು ಸೀಮೆಎಣ್ಣೆಯ ತಟ್ಟೆಯಲ್ಲಿ ನಟ್ಟು ತೊಳೆಯುತ್ತಿದ್ದ. ಕಿವಿಗೆ ಅರಿಶಿನ ಮೆತ್ತಿದೆ. ಒಂದು ಕಣ್ಣು ಊದಿ ಮುಚ್ಚಿದೆ. ಮೈಮೇಲೆ ಯಾರದೋ ದೊಗಳೆ ಅಂಗಿ. ನನ್ನ ನೋಡಿ ಗಾಬರಿಯಾಗಲಿಲ್ಲ.

"ವೈನಿ, ಕುಂದರ್ರಿ. ಇನ್ನಾ ಸ್ವಲ್ಪ ಅದಾವ."

ಗೈಬುಸಾಬರಿಗೆ ಅರವತ್ತು ದಾಟಿದೆ. ನಿನ್ನೆ ಬೆಳಿಗ್ಗೆ ಗ್ಯಾರೇಜ್ ತೆಗೆಯಲು ಬಂದಾಗ ಶಟರ್ ಮುಂದೆ ಇವನು ಮಲಗಿದ್ದನಂತೆ. ಕೆಲಸ ಕೇಳಿದ. ಡೋಣಿ ಮೋಟಾರ್ಸ್ ಎಂದ.

"ನಲವತ್ತು ವರ್ಷ ಆತ್ರಿ ಅಕ್ಕಾರ, ಗಾಡಿ ಬಿಚ್ಚಾಕತ್ತು. ಅಂಥಾ ಹೆಸರs ಕೇಳಿಲ್ಲ ನಾ. ಖರೇ ಐತೇನಪಾ ಆ ಕಂಪನಿ ಅಂದೆ. ಇಲ್ರಿ, ನಾನs ಹುಟ್ಟಿಸೇನಿ ಅಂದ. ಮತ್ತ ಸುಳ್ಳ ಯಾಕ ಹೇಳಿದಿ? ಕೆಲಸ ಬೇಕಾಗೇತ್ರಿ ಅಂದ." ಚಾಚಾ ನಗಲಿಲ್ಲ. "ಮನಿ ಫೋನ್ ನಂಬರ್ ಕೇಳಿದ್ರ ಬಾಯಿ ಬಿಡವಲ್ಲ. ಸೋಮವಾರ ಆದ್ಮ್ಯಾಲೆ ಹೇಳ್ತೇನಿ ಅಂತಾನ."

ಅಂದರೆ ಗೊತ್ತಿತ್ತು ಅವನಿಗೆ. ಮೊದಲಿನಿಂದಲೂ. ಕಟ್ಟಿದ್ದು ಎಂದು ತಿಳಿದೇ ಕಟ್ಟುತ್ತಿದ್ದ. ತಿಳಿಯದವರು ನಾವು.

ಪಕ್ಕದಲ್ಲಿ ಕೂತೆ. 

"ನೀವs ಅಂದ್ರೆಲ್ರಿ," ಎಂದ, ನಟ್ಟು ಉಜ್ಜುತ್ತಾ. "ಒಂದೋ ಅಂವಾ, ಒಂದೋ ನಾ ಅಂತ."

"ಹೌದು. ಅಂದೆ."

"ಸಿಟ್ಟ ಬಂದಿತ್ತೇನ್ರಿ?"

"ಇಲ್ಲ ಸುನೀಲ. ಅಂಜಿಕಿ ಬಂದಿತ್ತು."

ಸುನೀಲ ಇನ್ನೊಂದು ನಟ್ಟು ಎತ್ತಿಕೊಂಡ. ಆಮೇಲೆ, "ಬಾಳಮ್ಮನ ಮೊಮ್ಮಗಳು ಗಾಲಿ ಕೆಳಗ ಬರ್ತಿತ್ತು. ನಂಗೂ ಅಂಜಿಕಿ ಬಂದೇತ್ರಿ. ಕಣ್ಣ ಮುಚ್ಚಿದ್ರ ಅದs ಬರತೈತಿ. ಯಾರಿಗೆ ಹೇಳ್ಲಿ?"

ಅಳು ತಡೆಯಲಾಗಲಿಲ್ಲ. ಅಂದು ಅವನನ್ನು ಹೊಡೆದೆವು, ಬೈದೆವು. ನಿನಗೂ ಹೆದರಿಕೆಯಾಯಿತೇನೋ ಎಂದು ಒಬ್ಬರಾದರೂ ಕೇಳಿರಲಿಲ್ಲ.

ಅಷ್ಟರಲ್ಲಿ ಇವರು ಬಂದು ಅವನ ಭುಜ ಹಿಡಿದರು. "ನಡಿ ಮನಿಗೆ. ಅವ್ವ ಎರಡು ದಿನದಿಂದ ಉಂಡಿಲ್ಲ." ಸುನೀಲ ಕಬ್ಬಿಣದ ಮೇಜಿನ ಕಾಲು ತಬ್ಬಿಕೊಂಡ. ಬೆರಳು ಬೆಳ್ಳಗಾಗುವಷ್ಟು. "ಸೋಮವಾರ ಆಗಲಿ. ಸೋಮವಾರ ಆಗಲಿ." ಇವರು ಎಳೆದರು. ತಟ್ಟೆ ಮಗುಚಿತು. ನಟ್ಟೆಲ್ಲ ನೆಲಕ್ಕೆ. ಒಂದು ಕ್ಷಣ ಸಿಂದಗಿಯ ವಿಡಿಯೋನೇ ಕಂಡ ಹಾಗಾಯಿತು ನನಗೆ.

"ಬಿಡ್ರಿ ಅವನ್ನ!" ಕಿರುಚಿಬಿಟ್ಟೆ. ಗಂಡನಿಗೆ, ನಾಲ್ಕು ಜನರ ಮುಂದೆ.

ಬಿಟ್ಟರು.

ಆಶ್ರಯಮನೆಗೆ ನಾನೇ ಫೋನ್ ಮಾಡಿದೆ. ಸ್ಪೀಕರ್ ಹಾಕಿ, ಅವನೆದುರಿಗೇ. ಸೋಮವಾರ ಬರುವುದಿಲ್ಲ ಎಂದೆ. ಹಾಗಾದರೆ ಮುಂದಿನ ವಾರವೇ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಸುನೀಲ ಒಂದೇ ಕಣ್ಣಿನಿಂದ ನನ್ನನ್ನೇ ನೋಡುತ್ತಿದ್ದ.

"ಗೊತ್ತಿಲ್ಲ ಅಂದ್ರ?"

"ಗೊತ್ತಿಲ್ಲ ಅಂದ್ರ ಗೊತ್ತಿಲ್ಲ. ಇನ್ ಮ್ಯಾಲೆ ಏನ್ ಮಾತಾಡಿದ್ರೂ ನಿನ್ನ ಮುಂದs ಮಾತಾಡ್ತೇವಿ. ಹಿಂದ ಇಲ್ಲ."

ಇನ್ನೂ ಒಳ್ಳೆಯ ಮಾತು ಹೇಳಬಹುದಿತ್ತು. ಆದರೆ ಅವನಿಗೆ ಇನ್ನೊಂದು ಸುಳ್ಳು ಬೇಡ. ಸುನೀಲ ಮೇಜಿನ ಕಾಲು ಬಿಟ್ಟ. ನೆಲದ ಮೇಲಿನ ನಟ್ಟು ಆರಿಸತೊಡಗಿದ. ಇವರೂ ಕೂತು ಆರಿಸಿದರು. ಅಣ್ಣ ತಮ್ಮ ಇಬ್ಬರೂ.

ಸಂಜೆ, ಮನೆಗೆ ಹೋಗುವ ಬಸ್

ಸುನೀಲ ಪಕ್ಕದ ಸೀಟಿನಲ್ಲಿ ನಿದ್ದೆ ಹೋಗಿದ್ದಾನೆ. ಆಸ್ಪತ್ರೆಯಲ್ಲಿ ಕಿವಿಗೆ ಎರಡು ಹೊಲಿಗೆ ಹಾಕಿಸಿ ಬಂದೆವು.

ಗೈಬುಸಾಬರು ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಒಪ್ಪಿದ್ದಾರೆ. ಆದರೆ ಕರಾರು ಖಡಕ್ಕು. "ಗಾಡಿ ಒಳಗ ಕುಂದ್ರಾಂಗಿಲ್ಲ. ಕೀಲಿ ಮುಟ್ಟಾಂಗಿಲ್ಲ. ಒಮ್ಮೆ ತಪ್ಪಿದ್ರೂ ಮನಿಗೆ ಕಳಸ್ತೇನಿ. ತೊಳಿಯೂದು, ಬಿಚ್ಚೂದು, ಜೋಡಿಸೂದು, ಅಷ್ಟs. ನಾ ಏನ್ ಪುಣ್ಯಾ ಮಾಡಾಕತ್ತಿಲ್ಲ ಅಕ್ಕಾರ. ಇಂವಾ ಬಿಚ್ಚಿದ ಸಾಮಾನು ಸಾಲಾಗಿ ಇಡ್ತಾನ, ನಮ್ಮವ್ರು ಕಳೀತಾರ."

ಅತ್ತೆಯ ಅಕ್ಕ ಇಂಡಿಯಲ್ಲಿದ್ದಾರೆ. ವಾರವೆಲ್ಲ ಅವರ ಮನೆ, ಶನಿವಾರ ಊರಿಗೆ. ಗಾಯ ಮಾಯ್ದ ಮೇಲೆ ಶುರು. ಇವರು ಒಪ್ಪಿದರು. ಪೂರ್ತಿ ಮನಸ್ಸಿನಿಂದಲ್ಲ. ನಾನೂ ಅಷ್ಟೆ.

ಫೆಬ್ರವರಿ 17, ಸೋಮವಾರ

ಇವತ್ತು ಒಬ್ಬನೇ ಹೋದ.

ಇವರು ಜೊತೆಗೆ ಬರುತ್ತೇನೆಂದರೆ ಒಲ್ಲೆ ಎಂದ. ಸಿಂದಗಿಯಲ್ಲಿ ಬಸ್ ಬದಲಿಸಬೇಕು. ಸಿಂದಗಿ ಬೇಡ, ವಿಜಯಪುರದ ಮೇಲೆ ಹೋಗು ಎಂದು ಬೇಡಿಕೊಂಡೆ. "ಅದು ಸುತ್ತ ಆಗತೈತ್ರಿ ವೈನಿ." ಅಷ್ಟೆ. ಮುಟ್ಟಿದ ಕೂಡಲೇ ಫೋನ್ ಮಾಡು ಎಂದು ಹೊಸ ಫೋನ್ ಕಿಸೆಗೆ ಹಾಕಿ ಕಳಿಸಿದೆವು.

ಹತ್ತು ಗಂಟೆ. ಫೋನಿಲ್ಲ. ನಾನು ಮಾಡಿದರೆ ಸ್ವಿಚ್ ಆಫ್. ಶಾಲೆಗೆ ರಜೆ ಹೇಳಿದೆ. ಬಾಳಮ್ಮ ಎರಡು ಸಲ ಬಂದು ಬಾಗಿಲಲ್ಲಿ ನಿಂತು ಹೋದಳು. ಅತ್ತೆ ಅಂದಿನ ಜಾಗದಲ್ಲೇ ಕೂತಿದ್ದಾರೆ. ನನ್ನ ಜೊತೆ ಇನ್ನೂ ಮಾತಿಲ್ಲ — ಬೇಕಾದದ್ದನ್ನು ಗೋಡೆಗೆ ಹೇಳುತ್ತಾರೆ. ವೈನಿಗೆ ಬಂದದ್ದು ಸಿಟ್ಟಲ್ಲ, ಅಂಜಿಕೆ ಎಂದು ಸುನೀಲ ಮೊನ್ನೆ ಅವರಿಗೆ ಹೇಳಿದ ಮೇಲೂ.

ಹತ್ತೂವರೆ. ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ. ಕಣ್ಣೆದುರು ಅದೇ, ನೀಲಿ ಶರ್ಟಿನ ಹರಿದ ತೋಳು.

ಬಂತು!

"ವೈನಿ, ಮುಟ್ಟೇನ್ರಿ. ಚಾರ್ಜ್ ಇದ್ದಿದ್ದಿಲ್ಲ, ಇಲ್ಲಿ ಹಚ್ಚೇನಿ."

"ಸಿಂದಗ್ಯಾಗ ಏನಾರ...?"

"ಸಿಂದಗ್ಯಾಗ ಬಸ್ ಲೇಟ್ ಇತ್ತು. ಅಂಜಿಕಿ ಬಂತು. ಕುಂತೆ. ಬಸ್ ಬಂತು, ಹತ್ತಿದೆ. ವೈನಿ, ಗೇರ್‌ಬಾಕ್ಸ್ ಬಿಚ್ಯಾರ, ಕೆಲಸ ಐತಿ. ಇಡ್ತೇನ್ರಿ."

ಇಟ್ಟ. ಕಂಪನಿಯ ಸುದ್ದಿ ಒಂದು ಅಕ್ಷರ ಹೇಳಲಿಲ್ಲ. ಖುಷಿಯಾಗಬೇಕು. ಆಗಿದೆ. ಆದರೂ ಆ ಸುದ್ದಿ ಕೇಳಬೇಕೆನಿಸಿತು.

"ಮುಟ್ಯಾನಂತ್ರಿ, ಅತ್ತಿ" ಎಂದೆ. ಅವರು ಮೊಣಕಾಲು ಹಿಡಿದು ಎದ್ದರು. ಒಳಗೆ ಹೋದರು. ಪಾತ್ರೆ ಸದ್ದಾಯಿತು. ಎರಡು ತಾಟು ಇಡುವ ಸದ್ದು.

"ಶಿವಾನಿ. ಮುಂಜಾನಿಂದ ಹಸದೀಯಿ. ಉಣ್ಣ ಬಾ."

ಹೆಸರು ಹಿಡಿದು ಕರೆದರು. ಬಂದೆ. ಉಳಿದದ್ದು ಆಮೇಲೆ.